ಹುಲ್ಲು ಹೊಡೆಯುವ ಮಿಷನ್‌ಗೆ ಯಾವ ತಲೆ?

ಶಾಲೆಯ ಮೈದಾನ, ಆಸ್ಪತ್ರೆಯ ಅಂಗಳ, ಪೇಟೆಯ ಪಾರ್ಕು, ಊರಿನ ಅಡಿಕೆ ತೋಟ. ನಾಲ್ಕು ಮಳೆ ಬಿದ್ದರೆ ಸಾಕು, ಎಲ್ಲ ಕಡೆ ಹುಲ್ಲು ಮೊಣಕಾಲಿಗೆ ಬರುತ್ತದೆ. ಮೊದಲೆಲ್ಲ ಈ ಹುಲ್ಲನ್ನು ಹೆಂಗಸರೇ ಕುಡುಗೋಲು ಹಿಡಿದು ಕೊಯ್ಯುತ್ತಿದ್ದರು. ಕುಕ್ಕುರುಗಾಲಲ್ಲಿ ಕೂತು, ಬೆನ್ನು ಬಗ್ಗಿಸಿ, ದಿನವಿಡೀ ಕೊಯ್ಯಬೇಕಿತ್ತು.

ಈಗ ಮಿಷನ್ ಬಂದಿದೆ. ಮಿಷನ್ ಬಂದ ಮೇಲೆ ಬಹಳ ಕಡೆ ಏನಾಯಿತು ಗೊತ್ತೇ? ಕೆಲಸ ಗಂಡಸರ ಕೈಗೆ ಹೋಯಿತು. ಜಾಸ್ತಿ ಕೂಲಿಯೂ ಅವರಿಗೇ ಹೋಯಿತು. ಹೆಂಗಸರಿಗೆ ಉಳಿದದ್ದು ಬಿದ್ದ ಹುಲ್ಲು ಗುಡಿಸುವ ಕೆಲಸ.

ಈ ಮಿಷನ್ ಹೆಂಗಸರ ಕೈಲಿ ಆಗದ ಕೆಲಸ ಏನಲ್ಲ. ಹೊಲಿಗೆ ಮಿಷನ್ ನಡೆಸುವವರಿಗೆ, ಗಿರಣಿ ನಡೆಸುವವರಿಗೆ ಇದೇನು ಮಹಾ? ಆದರೆ ಅದರ ಒಳಗುಟ್ಟು ತಿಳಿದಿರಬೇಕು. ಸಂಘದಿಂದ ಸಾಲ ತೆಗೆದು ಮಿಷನ್ ಕೊಂಡರೂ ಸರಿ, ಇನ್ನೊಬ್ಬರ ಮಿಷನ್‌ನಲ್ಲಿ ಕೂಲಿಗೆ ಹೋದರೂ ಸರಿ, ಮೊದಲು ತಿಳಿಯಬೇಕಾದ್ದು ಅದರ 'ತಲೆ'ಯ ವಿಷಯ. ತಲೆ ಸರಿಯಿಲ್ಲದಿದ್ದರೆ ಕೂಲಿಯೆಲ್ಲ ದಾರಕ್ಕೇ ಹೋಗುತ್ತದೆ. ಕೆಲವು ಸಲ ಕಣ್ಣೂ ಹೋಗುತ್ತದೆ.

ತಲೆ ಅಂದರೆ ಯಾವುದು?

ಮಿಷನ್‌ಗೆ ಉದ್ದನೆಯ ಕೋಲು ಇರುತ್ತದೆ. ಕೋಲಿನ ಮೇಲಿನ ತುದಿಯಲ್ಲಿ ಇಂಜಿನ್. ಕೆಳಗಿನ ತುದಿಯಲ್ಲಿ ತಿರುಗುವ ಭಾಗ. ಆ ತಿರುಗುವ ಭಾಗವೇ ತಲೆ. ಅಂಗಡಿಯಲ್ಲಿ 'ಹೆಡ್' ಅನ್ನುತ್ತಾರೆ. ಅದರೊಳಗೆ ನೈಲಾನ್ ದಾರ ಇರುತ್ತದೆ. ದಾರದ ಎರಡು ತುದಿ ಎರಡು ಕಡೆ ಹೊರಗೆ ಬಂದಿರುತ್ತವೆ. ತಲೆ ತಿರುಗಿದಾಗ ದಾರವೂ ತಿರುಗಿ ಹುಲ್ಲನ್ನು ಕಡಿಯುತ್ತದೆ. ದಾರದ ಬದಲು ಉಕ್ಕಿನ ಬ್ಲೇಡನ್ನೂ ಹಾಕಬಹುದು.

ಮೆತ್ತಗಿನ ದಾರ ಹುಲ್ಲು ಕಡಿಯುವುದು ಹೇಗೆ ಅಂತ ಕೇಳಬಹುದು. ಕವಣೆ ಬೀಸಿದ್ದು ನೋಡಿದ್ದೀರಲ್ಲ? ಬೀಸುವಾಗ ಹಗ್ಗ ಕಡ್ಡಿಯ ಹಾಗೆ ನೆಟ್ಟಗಾಗುತ್ತದೆ. ಇದೂ ಹಾಗೆಯೇ. ತಲೆ ನಿಮಿಷಕ್ಕೆ 6000 ಸುತ್ತು ತಿರುಗಿತು ಅನ್ನಿ. ಅಂದರೆ ಸೆಕೆಂಡಿಗೆ 100 ಸುತ್ತು. ಒಂದು ಸುತ್ತಿಗೆ ದಾರದ ತುದಿ ಸುಮಾರು ಒಂದೂಕಾಲು ಮೀಟರ್ ಓಡುತ್ತದೆ. ಸೆಕೆಂಡಿಗೆ 125 ಮೀಟರ್ ಆಯಿತು. ಗಂಟೆಗೆ ಲೆಕ್ಕ ಹಾಕಿದರೆ 450 ಕಿಲೋಮೀಟರ್! ಹೆದ್ದಾರಿಯ ಬಸ್ಸಿಗಿಂತ ಐದು ಪಟ್ಟು ವೇಗ. ಕಡಿಯುವುದು ಈ ವೇಗ. ದಾರ ಹರಿತವಾಗಿರಬೇಕಾಗಿಲ್ಲ.

ಈ ವೇಗಕ್ಕೆ ಒಂದು ಸಣ್ಣ ಕಲ್ಲು ಸಿಕ್ಕಿದರೆ? ಅದು ಗುಂಡಿನ ಹಾಗೆ ಹಾರುತ್ತದೆ. ಈ ಮಾತು ನೆನಪಿಡಿ. ಮುಂದೆ ಬೇಕಾಗುತ್ತದೆ.

ದಾರದ ಮಿಷನ್ ಹುಟ್ಟಿದ್ದು ಅಮೆರಿಕದಲ್ಲಿ, 1971ರಲ್ಲಿ. ಹ್ಯೂಸ್ಟನ್ ಎಂಬ ಊರಿನ ಜಾರ್ಜ್ ಬಲಾಸ್ ಎಂಬುವವರು ಅದನ್ನು ಮಾಡಿದರು. ಕಾರು ತೊಳೆಯುವ ಕಡೆ ದೊಡ್ಡ ಬ್ರಷ್ಷುಗಳು ಗಿರಗಿರ ತಿರುಗುವುದನ್ನು ನೋಡಿ ಅವರಿಗೆ ಈ ಉಪಾಯ ಹೊಳೆಯಿತಂತೆ. ಒಂದು ತಗಡಿನ ಡಬ್ಬಿಗೆ ತೂತು ಮಾಡಿದರು. ಮೀನು ಹಿಡಿಯುವ ನೈಲಾನ್ ದಾರ ಪೋಣಿಸಿದರು. ತಿರುಗಿಸಿ ನೋಡಿದರು. ಹುಲ್ಲು ತುಂಡಾಯಿತು. ಇವತ್ತಿನ ತಲೆ ಅಂದರೆ ಅದೇ ತೂತಿನ ಡಬ್ಬಿ. ಸ್ವಲ್ಪ ಅಂದವಾಗಿದೆ, ಅಷ್ಟೇ.

ದಾರವೋ, ಬ್ಲೇಡೋ?

ಇದೇ ಮೊದಲ ಪ್ರಶ್ನೆ. ಬಹಳ ಜನ ಕೇಳುವುದು 'ಯಾವುದು ಜೋರಾಗಿ ಕಡಿಯುತ್ತೆ?' ಅಂತ. ಹಾಗೆ ಕೇಳಬಾರದು. ನಾನು ಕಡಿಯುವುದು ಏನನ್ನು, ಅದರ ಸುತ್ತ ಏನೇನಿದೆ ಅಂತ ನೋಡಬೇಕು.

ಪಾರ್ಕಿನ ಹುಲ್ಲುಹಾಸು, ಗರಿಕೆ, ಎಳೆಯ ಕಳೆ ಇವಕ್ಕೆಲ್ಲ ದಾರ ಸಾಕು. ಗೋಡೆಯ ಬುಡ, ಕಾಲುದಾರಿಯ ಅಂಚು, ಕಂಬದ ಸುತ್ತ ಕೂಡ ದಾರವೇ ಸರಿ. ಗೋಡೆಗೆ ತಾಗಿದರೆ ದಾರ ಸವೆಯುತ್ತದೆ, ಅಷ್ಟೇ. ಬ್ಲೇಡ್ ತಾಗಿದರೆ ಕಿಡಿ ಹಾರುತ್ತದೆ, ಹಲ್ಲು ಮುರಿಯುತ್ತದೆ, ಮಿಷನ್ ಕೈಯಿಂದ ಜಿಗಿಯುತ್ತದೆ. ಹುಲ್ಲುಹಾಸಿನ ನಡುಭಾಗ ದೊಡ್ಡದಿದ್ದರೆ ಅದಕ್ಕೆ ತಳ್ಳುವ ಮಿಷನ್ನೇ ಬೇರೆ ಇದೆ. ನಡುಭಾಗಕ್ಕೆ ಅದು, ಅಂಚಿಗೆ, ಇಳಿಜಾರಿಗೆ, ಮೂಲೆಗೆ ಇದು.

ಬಲಿತ ಕಳೆ, ಕಮ್ಯುನಿಸ್ಟ್ ಗಿಡ, ಲಂಟಾನ, ಬೆರಳು ದಪ್ಪದ ಕಡ್ಡಿ ಇವು ದಾರಕ್ಕೆ ಬಗ್ಗುವುದಿಲ್ಲ. ಇದಕ್ಕೆ ಬ್ಲೇಡ್ ಬೇಕು. ಮೂರು ಹಲ್ಲಿನ ಬ್ಲೇಡ್ ಒರಟು ಹುಲ್ಲಿಗೆ, ಪೊದೆಗೆ. ಸುತ್ತಲೂ ಗರಗಸದಂತೆ ಸಣ್ಣ ಹಲ್ಲು ಇರುವ ದುಂಡು ಬ್ಲೇಡ್ ಕಟ್ಟಿಗೆಯಾದ ಗಿಡಕ್ಕೆ.

ದನಕ್ಕೆ ಹಾಕುವ ಹುಲ್ಲಾದರೆ ದಾರ ಬೇಡವೇ ಬೇಡ. ದಾರ ಹುಲ್ಲನ್ನು ಕೊಯ್ಯುವುದಿಲ್ಲ, ಚಚ್ಚುತ್ತದೆ. ಚೂರು ಚೂರು ಮಾಡಿ ಮಣ್ಣಿನ ಜೊತೆ ಎರಚುತ್ತದೆ. ಸವೆದ ನೈಲಾನ್ ತುಂಡುಗಳೂ ಅದರಲ್ಲಿ ಸೇರಿರುತ್ತವೆ. ನೈಲಾನ್ ಕೂಡ ಒಂದು ಪ್ಲಾಸ್ಟಿಕ್ಕು. ಅದು ದನದ ಹೊಟ್ಟೆಗೆ ಹೋಗಬಾರದು. ಮೇವಿಗೆ ಬ್ಲೇಡ್ ಹಾಕಿ. ಹುಲ್ಲು ಉದ್ದಕ್ಕೆ ಮಲಗುತ್ತದೆ, ಬಾಚಿ ಕಟ್ಟಬಹುದು. ಇಲ್ಲವೇ ಕುಡುಗೋಲು ಇದ್ದೇ ಇದೆಯಲ್ಲ.

ಮರದ ಬುಡಕ್ಕೆ ಬಂದಾಗ ಎರಡೂ ಅಪಾಯವೇ. 'ದಾರ ತಾನೆ, ಏನಾಗುತ್ತೆ' ಅಂದುಕೊಳ್ಳಬೇಡಿ. ಎಳೆಯ ಮಾವು, ಕಾಫಿ ಗಿಡದ ತೊಗಟೆಯನ್ನು ದಾರ ಬಳೆಯ ಹಾಗೆ ಸುತ್ತಲೂ ಸುಲಿದುಬಿಡುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ದಾರಿಯಲ್ಲಿ. ಸುತ್ತ ಸುಲಿದರೆ ಆ ದಾರಿ ಮುಚ್ಚಿತು. ಗಿಡ ಒಣಗುತ್ತದೆ. ಅಡಿಕೆ, ತೆಂಗಿನ ಕಾಂಡಕ್ಕೆ ಆದ ಗಾಯ ಎಂದೂ ತುಂಬಿಕೊಳ್ಳುವುದಿಲ್ಲ. ಕಾಳುಮೆಣಸಿನ ಬಳ್ಳಿಯಂತೂ ಒಂದೇ ಏಟಿಗೆ ತುಂಡು. ಹನಿ ನೀರಾವರಿಯ ಪೈಪೂ ಹಾಗೆಯೇ. ಬುಡದಿಂದ ಒಂದು ಮೊಳ ಬಿಟ್ಟು ಮಿಷನ್ ಹೊಡೆಯಿರಿ. ಆ ಒಂದು ಮೊಳವನ್ನು ಕೈಯಲ್ಲಿ ಕೊಯ್ಯಿರಿ. 'ಬುಡ ಬಿಡಿಸೋದಕ್ಕೆ ಬೇರೆ ಕೂಲಿ' ಅಂತ ಮೊದಲೇ ಮಾತಾಡಿಕೊಳ್ಳಿ.

ದಾರದ ತಲೆಯಲ್ಲಿ ಎಷ್ಟು ಬಗೆ?

ಹೆಚ್ಚಾಗಿ ಕಾಣುವುದು ಕುಟ್ಟುವ ತಲೆ. ಅಂಗಡಿಯವರು 'ಟ್ಯಾಪ್ ಅಂಡ್ ಗೋ' ಅನ್ನುತ್ತಾರೆ. ಒಳಗೆ ಹೊಲಿಗೆ ಮಿಷನ್‌ನ ಬಾಬಿನ್ ತರಹದ್ದು ಒಂದು ಇರುತ್ತದೆ. ದೊಡ್ಡ ಬಾಬಿನ್ ಅನ್ನಿ. ಅದಕ್ಕೆ ದಾರ ಸುತ್ತಿರುತ್ತದೆ. ಒಂದು ಸ್ಪ್ರಿಂಗ್ ಇರುತ್ತದೆ. ಕೆಳಗೆ ಒಂದು ಗುಂಡಿ ಇರುತ್ತದೆ. ದಾರ ಸವೆದು ಗಿಡ್ಡವಾದಾಗ ಮಿಷನ್ ಓಡುತ್ತಿರುವಾಗಲೇ ಗುಂಡಿಯನ್ನು ನೆಲಕ್ಕೆ ಮೆಲ್ಲನೆ ಕುಟ್ಟಬೇಕು. ಒಳಗಿಂದ ಸ್ವಲ್ಪ ದಾರ ಹೊರಗೆ ಬರುತ್ತದೆ. ಜಾಸ್ತಿ ಬಂದರೆ ಗಾರ್ಡಿಗೆ ಇರುವ ಸಣ್ಣ ಚಾಕು ಅದನ್ನು ಕತ್ತರಿಸುತ್ತದೆ. ಕೆಲಸ ನಿಲ್ಲುವುದಿಲ್ಲ. ದಿನಗೂಲಿಗೆ ಪಾರ್ಕು, ಮೈದಾನ ಹೊಡೆಯುವವರಿಗೆ ಇದೇ ಅನುಕೂಲ ಅಂತ ನನ್ನ ಅಭಿಪ್ರಾಯ.

ಆದರೆ ಇದಕ್ಕೆ ಎರಡು ಕಾಟ. ಒಂದು, ಗುಂಡಿ ಸವೆಯುತ್ತದೆ. ಸಿಮೆಂಟಿನ ಮೇಲೆ, ಕಲ್ಲಿನ ಮೇಲೆ ಕುಟ್ಟಿದರೆ ಬೇಗ ಸವೆಯುತ್ತದೆ. ಹುಲ್ಲು ನೆಲದ ಮೇಲೇ ಕುಟ್ಟಿ. ಕುಟ್ಟುವುದೆಂದರೆ ಒನಕೆಯಲ್ಲಿ ಕುಟ್ಟಿದಂತೆ ಅಲ್ಲ, ತಟ್ಟಿದಂತೆ. ಎರಡನೆಯದು, ದಾರವನ್ನು ಸರಿಯಾಗಿ ಸುತ್ತದಿದ್ದರೆ ಒಳಗೇ ಸಿಕ್ಕು ಬೀಳುತ್ತದೆ. ಆಗ ಎಷ್ಟು ಕುಟ್ಟಿದರೂ ದಾರ ಬರುವುದಿಲ್ಲ.

ತುಂಡು ದಾರದ ತಲೆ ಅಂತ ಇನ್ನೊಂದು. ಇದರಲ್ಲಿ ಬಾಬಿನ್ ಇಲ್ಲ, ಸ್ಪ್ರಿಂಗ್ ಇಲ್ಲ. ಹೇಳಿದ ಅಳತೆಗೆ ದಾರ ಕತ್ತರಿಸಿ ತೂತಿಗೆ ಪೋಣಿಸಬೇಕು. ಹೆಚ್ಚಿನವು ಅಲ್ಯೂಮಿನಿಯಂನಲ್ಲಿ ಮಾಡಿದ್ದು. ಕೆಡುವ ಭಾಗ ಕಡಿಮೆ, ದಪ್ಪ ದಾರ ಹಿಡಿಯುತ್ತದೆ. ಕಲಿಯುವವರಿಗೆ ಸುಲಭ. ಆದರೆ ದಾರ ಸವೆದಾಗೆಲ್ಲ ಇಂಜಿನ್ ನಿಲ್ಲಿಸಿ ಹೊಸ ತುಂಡು ಹಾಕಬೇಕು. ಉಳಿದ ಗಿಡ್ಡ ತುಂಡು ದಂಡ. ಗೋಡೆ ಬುಡದ ಕೆಲಸವಾದರೆ ಹತ್ತು ನಿಮಿಷಕ್ಕೊಮ್ಮೆ ಬಗ್ಗಿ ಏಳಬೇಕಾದೀತು. ಬಯಲಲ್ಲಿ ಬಲಿತ ಹುಲ್ಲಿದ್ದರೆ ಇದು ಒಳ್ಳೆಯದು.

ಕೈಯಿಂದ ದಾರ ಎಳೆಯುವ ತಲೆ ಇದೆ, ತಾನಾಗಿ ದಾರ ಬಿಡುವ ತಲೆಯೂ ಇದೆ. ಪ್ಲಾಸ್ಟಿಕ್ ಅಲಗು ಸಿಕ್ಕಿಸುವ ತಲೆಯೂ ಇದೆ. ನಮ್ಮ ಕೆಲಸಕ್ಕೆ ಮೇಲಿನ ಎರಡೇ ಮುಖ್ಯ.

ಇನ್ನೊಂದು ಬಗೆ ಇದೆ. ಅದನ್ನು ಮಾತ್ರ ಮುಟ್ಟಬೇಡಿ. ಉಕ್ಕಿನ ಸರಪಳಿ ಜೋತಾಡುವ ತಲೆ, ಉಕ್ಕಿನ ತಂತಿಯ ಬ್ರಷ್ಷಿನ ತಲೆ. 'ಒಂದೇ ಸಲಕ್ಕೆ ಬೇರು ಸಮೇತ ಕೀಳುತ್ತೆ' ಅಂತ ಹೇಳಿ ಮಾರುತ್ತಾರೆ. ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆ? ಆಗಲೇ ವೇಗದ ಲೆಕ್ಕ ಮಾಡಿದೆವಲ್ಲ. ಇಂಥ ಕೊಂಡಿ ಹಾರಿ ಬಡಿದು ಇಂಗ್ಲೆಂಡ್ ಕಡೆ ಜೀವವೇ ಹೋಗಿದೆ. ಆಮೇಲೆ 2012ರಲ್ಲಿ ಯುರೋಪ್ ಒಕ್ಕೂಟ ಇಂಥ ಸರಪಳಿ ತಲೆಗಳ ಮಾರಾಟ ನಿಲ್ಲಿಸಿ ಅಂತ ತನ್ನ ದೇಶಗಳಿಗೆಲ್ಲ ಹೇಳಿತು. ನೈಲಾನ್ ದಾರ ಮುಗಿದಾಗ ಬೇಲಿ ತಂತಿ ಪೋಣಿಸುವವರೂ ಇದ್ದಾರೆ. ಅದೂ ಇದೇ ಕಥೆ. ತಂತಿ ತುಂಡಾಗಿ ಬಾಣದ ಹಾಗೆ ಹಾರುತ್ತದೆ. 'ಇವತ್ತೊಂದು ದಿನ ನಡೆಸಿಬಿಡಕ್ಕಾ' ಅಂತ ಯಾರು ಹೇಳಿದರೂ ಒಪ್ಪಬೇಡಿ.

ದಾರದ ದಪ್ಪ

ಮಕ್ಕಳ ಸ್ಕೇಲ್ ತೆಗೆದು ನೋಡಿ. ಅದರಲ್ಲಿ ತೀರಾ ಚಿಕ್ಕ ಗೆರೆಗಳಿವೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಒಂದು ಮಿಲಿಮೀಟರ್. ದಾರದ ದಪ್ಪ ಹೇಳುವುದು ಇದೇ ಅಳತೆಯಲ್ಲಿ. ಸುರುಳಿಯ ಮೇಲೆ 2.0, 2.4, 2.7, 3.0 ಅಂತ ಬರೆದಿರುತ್ತದೆ. ಅದನ್ನು ಓದಿ. ಓದು ಬಂದ ಮೇಲೆ ಅಂಗಡಿಯವರ ಬಾಯಿಮಾತನ್ನೇ ಯಾಕೆ ನಂಬಬೇಕು?

ಪಾರ್ಕಿನ ಮೆತ್ತನೆ ಹುಲ್ಲಿಗೆ 2.0 ಇಲ್ಲವೇ 2.4 ಸಾಕು. ಕಳೆ ಬೆರೆತಿದ್ದರೆ 2.7. ಒರಟು ಹುಲ್ಲಿಗೆ 3.0. ಆದರೆ ದಪ್ಪ ಇದ್ದಷ್ಟೂ ಒಳ್ಳೆಯದು ಅಂತ ತಿಳಿಯಬೇಡಿ. ಸಣ್ಣ ಇಂಜಿನ್‌ಗೆ ದಪ್ಪ ದಾರ ಹಾಕಿದರೆ ಅದು ಏದುಸಿರು ಬಿಡುತ್ತದೆ, ಕಾಯುತ್ತದೆ, ಬೇಗ ಕೆಡುತ್ತದೆ. ದೊಡ್ಡ ಇಂಜಿನ್‌ಗೆ ತೆಳು ದಾರ ಹಾಕಿದರೆ ಪಟಪಟ ತುಂಡಾಗುತ್ತದೆ. ಯಾವ ದಪ್ಪದವರೆಗೆ ಹಾಕಬಹುದು ಅಂತ ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ತಲೆಯ ಮೇಲೂ ಕೆಲವು ಸಲ ಅಚ್ಚೊತ್ತಿರುತ್ತದೆ.

ದಾರದ ಆಕಾರವೂ ಬೇರೆ ಬೇರೆ. ದುಂಡು ದಾರ ಬಾಳಿಕೆ ಬರುತ್ತದೆ. ಚೌಕ ದಾರ, ನಕ್ಷತ್ರದ ದಾರ ಚೆನ್ನಾಗಿ ಕಡಿಯುತ್ತವೆ, ಬೇಗ ಸವೆಯುತ್ತವೆ. ಹುರಿ ಮಾಡಿದ ದಾರ ಸದ್ದು ಕಡಿಮೆ ಮಾಡುತ್ತದೆ. ಗೋಡೆ, ಕಲ್ಲು ಜಾಸ್ತಿ ಇರುವ ಜಾಗಕ್ಕೆ ದುಂಡು ದಾರವೇ ಲೇಸು.

ಹಳೆಯ ದಾರ ಪುಟಪುಟ ಮುರಿಯುತ್ತಿದೆಯೇ? ನೈಲಾನ್ ಒಣಗಿದರೆ ಹಾಗಾಗುತ್ತದೆ. ಒಂದು ರಾತ್ರಿ, ಒಂದು ಹಗಲು ಬಕೆಟ್ ನೀರಿನಲ್ಲಿ ನೆನೆಹಾಕಿ. ನೈಲಾನ್ ನೀರು ಕುಡಿಯುತ್ತದೆ, ಮತ್ತೆ ಬಳುಕುತ್ತದೆ. ಸುರುಳಿಯನ್ನು ಬಿಸಿಲಿನಲ್ಲಿ, ಹೆಂಚಿನ ಕೆಳಗೆ ನೇತುಹಾಕಬೇಡಿ.

ಅಂಗಡಿಗೆ ಹೋಗುವಾಗ

ಇಲ್ಲೇ ಹೆಚ್ಚು ಜನ ಮೋಸ ಹೋಗುವುದು. ತಲೆ ನೋಡಲು ಚೆಂದ ಇರುತ್ತದೆ, ಬೆಲೆಯೂ ಅಗ್ಗ. ಮನೆಗೆ ತಂದರೆ ಮಿಷನ್‌ಗೆ ಕೂರುವುದೇ ಇಲ್ಲ. ಯಾಕೆಂದರೆ ತಲೆ ಕೂರುವ ಬೋಲ್ಟು ಎಲ್ಲ ಮಿಷನ್‌ಗೂ ಒಂದೇ ಅಲ್ಲ. ಬಹಳ ಮಿಷನ್‌ಗಳಲ್ಲಿ ಅದು 10 ಮಿಲಿಮೀಟರ್, ಎಡ ತಿರುಪು. ಕೆಲವದರಲ್ಲಿ 8, ಕೆಲವದರಲ್ಲಿ 12. ಕೆಲವದರಲ್ಲಿ ಬಲ ತಿರುಪೂ ಇದೆ.

ಎಡ ತಿರುಪು ಅಂದರೇನು? ನಾವು ಬಾಟಲಿ ಮುಚ್ಚಳ ಬಿಚ್ಚುವುದು ಎಡಕ್ಕೆ ತಿರುಗಿಸಿ. ಇದನ್ನು ಬಿಚ್ಚಲು ಬಲಕ್ಕೆ, ಅಂದರೆ ಗಡಿಯಾರದ ಮುಳ್ಳು ಹೋಗುವ ಕಡೆಗೆ ತಿರುಗಿಸಬೇಕು. ಮಿಷನ್ ತಿರುಗುವಾಗ ತಲೆ ಸಡಿಲವಾಗದೆ ಬಿಗಿಯಾಗುತ್ತಾ ಹೋಗಲಿ ಅಂತ ಹೀಗೆ ಮಾಡಿದ್ದಾರೆ. ಇದು ಗೊತ್ತಿಲ್ಲದೆ ಎಡಕ್ಕೆ ತಿರುಗಿಸಿ ತಿರುಗಿಸಿ ಬೋಲ್ಟನ್ನೇ ಹಾಳು ಮಾಡಿದವರು ಬೇಕಾದಷ್ಟು ಜನ.

ಅದಕ್ಕೇ ಹಳೆಯ ತಲೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಿಷನ್ ಹೆಸರು, ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಾತು ಹೀಗಿರಲಿ:

'ಅಣ್ಣಾ, ಈ ಮಿಷನ್‌ಗೆ ದಾರದ ಹೆಡ್ ಬೇಕಿತ್ತು.'

'ಇದು ತಗೊಳ್ಳಕ್ಕಾ, ಎಲ್ಲಾ ಮಿಷನ್‌ಗೂ ಆಗುತ್ತೆ.'

'ಎಲ್ಲಾ ಮಿಷನ್‌ಗೂ ಆಗೋದು ಬೇಡಣ್ಣ, ನಮ್ಮದಕ್ಕೆ ಆದ್ರೆ ಸಾಕು. ಹಳೇ ಹೆಡ್ ತಂದಿದೀನಿ. ತಿರುಪು ಒಂದೇನಾ ನೋಡಿ ಕೊಡಿ.'

'ಹತ್ತು ಎಡ. ಸರಿಯಾಗಿದೆ.'

'ದಾರ ಎಷ್ಟು ದಪ್ಪದ್ದು ಹಿಡಿಯುತ್ತೆ?'

'ಎರಡೂವರೆ ಮೂರು ಹಾಕಿ.'

'ಎರಡೂವರೆನೋ ಮೂರೋ? ಇದರ ಮೇಲೆ 2.7 ಅಂತ ಬರೆದಿದೆ.'

'ಹಾಂ... ಹಾಗಿದ್ರೆ 2.7 ಹಾಕಿ.'

'ಗುಂಡಿ, ಸ್ಪ್ರಿಂಗು, ಬಾಬಿನ್ ಬಿಡಿಯಾಗಿ ಸಿಗುತ್ತಾ?'

ಈ ಕೊನೆಯ ಪ್ರಶ್ನೆ ಮರೆಯಬೇಡಿ. ಗುಂಡಿ ಮಾತ್ರ ಸವೆದಿದೆ, ಆದರೆ ಬಿಡಿ ಗುಂಡಿ ಸಿಗುವುದಿಲ್ಲ ಅಂದರೆ ಇಡೀ ತಲೆ ಎಸೆಯಬೇಕಾಗುತ್ತದೆ.

ಗಾರ್ಡನ್ನೂ ಕೇಳಿ. ಕಾಲಿಗೆ ಮರೆಯಾಗಿ ತಲೆಯ ಹಿಂದೆ ಇರುವ ತಟ್ಟೆಯೇ ಗಾರ್ಡ್. ದಾರಕ್ಕೆ ಹಾಕುವ ಗಾರ್ಡಿನಲ್ಲಿ ಸಣ್ಣ ಚಾಕು ಇರಬೇಕು. ಬ್ಲೇಡಿಗೆ ಹಾಕುವ ಗಾರ್ಡ್ ಕೆಲವು ಮಿಷನ್‌ಗಳಲ್ಲಿ ಬೇರೆಯೇ ಇರುತ್ತದೆ. ಅಡ್ಡ ಬರುತ್ತದೆ ಅಂತ ಗಾರ್ಡ್ ಬಿಚ್ಚಿಟ್ಟು ಕೆಲಸ ಮಾಡುವವರನ್ನು ನೀವೂ ನೋಡಿರುತ್ತೀರಿ. ಗಾರ್ಡ್ ಇಲ್ಲದಿದ್ದರೆ ಕಲ್ಲು ಬರುವುದು ನೇರ ನಿಮ್ಮ ಮೊಣಕಾಲಿಗೆ, ಮುಖಕ್ಕೆ. ಚಾಕು ಇಲ್ಲದ್ದರಿಂದ ದಾರವೂ ಬೇಕಾಬಿಟ್ಟಿ ಉದ್ದ ಆಗುತ್ತದೆ. ಉದ್ದ ದಾರ ಇಂಜಿನ್‌ಗೆ ಭಾರ.

ಬೆಲೆಯ ಲೆಕ್ಕ

ಒಂದು ಲೆಕ್ಕ ಮಾಡೋಣ. ಇಲ್ಲಿರುವ ಬೆಲೆಗಳು ಲೆಕ್ಕ ಕಲಿಯಲು ಮಾತ್ರ. ನಿಮ್ಮ ಊರಿನ ಬೆಲೆ ಹಾಕಿ ನೀವೇ ಮಾಡಿ.

ಒಂದು ತಲೆಗೆ 300 ರೂಪಾಯಿ. ಅದು 30 ದಿನ ಬಾಳಿತು. ದಿನಕ್ಕೆ 10 ರೂಪಾಯಿ ಬಿತ್ತು. ಇನ್ನೊಂದು ತಲೆಗೆ 900 ರೂಪಾಯಿ. ಅದು 150 ದಿನ ಬಾಳಿತು. ದಿನಕ್ಕೆ 6 ರೂಪಾಯಿ ಬಿತ್ತು. ದುಬಾರಿಯದೇ ಅಗ್ಗವಾಯಿತು.

ಇಷ್ಟಕ್ಕೇ ನಿಲ್ಲಿಸಬೇಡಿ. ದಾರದ ಲೆಕ್ಕ ನೋಡಿ. ಮೀಟರಿಗೆ 8 ರೂಪಾಯಿ ಅನ್ನಿ. ದಿನಕ್ಕೆ 10 ಮೀಟರ್ ಸವೆದರೆ 80 ರೂಪಾಯಿ! ತಲೆಯ ಖರ್ಚು ಹತ್ತರ ಒಳಗೆ, ದಾರದ ಖರ್ಚು ಎಂಬತ್ತು. ಕೆಟ್ಟ ತಲೆ ಬೇಕಿಲ್ಲದಾಗಲೂ ದಾರ ಬಿಡುತ್ತದೆ. ಒಂದು ಸಲ ಕುಟ್ಟಿದರೆ ಒಂದು ಮೊಳ ಬಿಡುತ್ತದೆ, ಗಾರ್ಡಿನ ಚಾಕು ಅದನ್ನು ಕತ್ತರಿಸಿ ಎಸೆಯುತ್ತದೆ. 10 ಮೀಟರ್ ಹೋಗುವ ಕಡೆ 15 ಮೀಟರ್ ಹೋದರೆ 40 ರೂಪಾಯಿ ದಂಡ. ತಲೆಯಲ್ಲಿ ಉಳಿಸಿದ್ದು ದಾರದಲ್ಲಿ ಹೋಯಿತು.

ಇದರಿಂದ ಇನ್ನೊಂದು ಮಾತು ಬರುತ್ತದೆ. ಗುತ್ತಿಗೆದಾರರ ಹತ್ತಿರ ಕೆಲಸ ಒಪ್ಪುವಾಗ ಕೂಲಿ ಎಷ್ಟು ಅಂತ ಮಾತ್ರ ಕೇಳಿದರೆ ಸಾಲದು. ದಾರ ಯಾರದು? ಪೆಟ್ರೋಲ್ ಯಾರದು? ಕನ್ನಡಕ, ಬೂಟು ಯಾರು ಕೊಡುತ್ತಾರೆ? ಮೂರನ್ನೂ ಕೇಳಿ. ದಾರ ನಿಮ್ಮದೇ ಅಂದರೆ ಆ 80 ರೂಪಾಯಿಯನ್ನು ಕೂಲಿಯ ಮೇಲೆ ಸೇರಿಸಿ ಕೇಳಿ. ಗೋಡೆ, ಕಲ್ಲು ಜಾಸ್ತಿ ಇರುವ ಜಾಗವಾದರೆ ಇನ್ನೂ ಸ್ವಲ್ಪ ಜಾಸ್ತಿ ಕೇಳಿ. ಅಲ್ಲಿ ದಾರ ಬೇಗ ಸವೆಯುತ್ತದೆ. ಹೊಸ ಮಿಷನ್ ಕೊಳ್ಳುವ ಯೋಚನೆ ಇದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನ ಇದೆಯೇ ಅಂತ ಒಮ್ಮೆ ವಿಚಾರಿಸಿ.

ದಾರ ಸುತ್ತುವುದು

ಮೊದಲು ಇಂಜಿನ್ ನಿಲ್ಲಿಸಿ. ಪ್ಲಗ್ಗಿನ ಟೊಪ್ಪಿ ತೆಗೆದಿಡಿ. ಬ್ಯಾಟರಿ ಮಿಷನ್ ಆದರೆ ಬ್ಯಾಟರಿ ತೆಗೆದಿಡಿ. ಯಾರೋ ಅರಿಯದೆ ಚಾಲೂ ಮಾಡಿದರೆ ಬೆರಳು ಹೋಗುತ್ತದೆ.

ತಲೆಯನ್ನೇ ಬಿಚ್ಚುವುದಾದರೆ ಗೇರ್ ಬಾಕ್ಸಿನ ಹತ್ತಿರ ಒಂದು ಸಣ್ಣ ತೂತು ಹುಡುಕಿ. ಅದಕ್ಕೆ ಮಿಷನ್ ಜೊತೆ ಬಂದ ಕಡ್ಡಿ ತೂರಿಸಿ ತಲೆಯನ್ನು ಮೆಲ್ಲನೆ ತಿರುಗಿಸಿ. ಒಂದು ಕಡೆ ಕಡ್ಡಿ ಒಳಗೆ ಇಳಿದು ತಿರುಗುವುದು ನಿಲ್ಲುತ್ತದೆ. ಆಗ ಬಿಚ್ಚಿ. ಎಡ ತಿರುಪಾದರೆ ಬಲಕ್ಕೆ, ನೆನಪಿದೆಯಲ್ಲ? ಕೆಲಸ ಮುಗಿದ ಮೇಲೆ ಕಡ್ಡಿ ತೆಗೆಯಲು ಮರೆಯಬೇಡಿ.

ಬಾಬಿನ್‌ನಲ್ಲಿ ಸಾಮಾನ್ಯವಾಗಿ ಎರಡು ಕೋಣೆ ಇರುತ್ತದೆ. ಹೇಳಿದ ಅಳತೆಯ ದಾರವನ್ನು ನಡುವೆ ಮಡಚಿ, ಮಡಿಕೆಯನ್ನು ನಡುವಿನ ಸೀಳಿಗೆ ಸಿಕ್ಕಿಸಿ. ಬಾಬಿನ್ ಮೇಲೆ ಬಾಣದ ಗುರುತು ಇದೆ. ಬಾಣ ತೋರಿಸಿದ ಕಡೆಗೇ ಸುತ್ತಬೇಕು. ಉಲ್ಟಾ ಸುತ್ತಿದರೆ ದಾರ ಹೊರಗೆ ಬರುವುದಿಲ್ಲ. ಬಿಗಿಯಾಗಿ, ಒಂದರ ಪಕ್ಕ ಒಂದರಂತೆ ಸುತ್ತಿ. ಒಂದರ ಮೇಲೊಂದು ಅಡ್ಡ ಹಾಯಬಾರದು. ಜಡೆ ಹೆಣೆಯುವ ಕೈಗೆ ಇದು ಕಷ್ಟವಲ್ಲ. ಹೆಚ್ಚು ಹಿಡಿಯಲಿ ಅಂತ ತುಂಬಾ ತುರುಕಬೇಡಿ. ತುರುಕಿದ ದಾರ ಒಳಗೇ ಉಜ್ಜಿ, ಕಾದು, ಕರಗಿ ಅಂಟಿಕೊಳ್ಳುತ್ತದೆ.

ಎರಡು ತುದಿಗಳನ್ನು ಎರಡು ತೂತಿನಿಂದ ಹೊರಗೆ ಎಳೆಯಿರಿ. ಎರಡೂ ಒಂದೇ ಉದ್ದ ಇರಲಿ. ಒಂದು ಉದ್ದ, ಒಂದು ಗಿಡ್ಡ ಇದ್ದರೆ ತಲೆ ಓಲಾಡುತ್ತದೆ, ಮಿಷನ್ ಗದಗದ ನಡುಗುತ್ತದೆ. ಆ ನಡುಕ ಕೈಗೆ ಬಂದು ಬೆರಳು ಜೋಮು ಹಿಡಿಯುತ್ತದೆ.

ಕೆಲಸಕ್ಕೆ ನಿಲ್ಲುವಾಗ

ಸೀರೆಯ ನೆರಿಗೆ, ದುಪಟ್ಟಾ, ಬಿಟ್ಟ ಜಡೆ ಈ ಕೆಲಸಕ್ಕೆ ಆಗದು. ಪ್ಯಾಂಟು ಅಥವಾ ಬಿಗಿಯಾದ ಚೂಡಿದಾರದ ಪ್ಯಾಂಟಿನ ಮೇಲೆ ಗಂಡಸರ ಅಂಗಿ ಹಾಕಿಕೊಳ್ಳಿ. ತಾಳಿ, ಸರ ಅಂಗಿಯ ಒಳಗಿರಲಿ. ಜಡೆ ಮೇಲೆ ಕಟ್ಟಿ. ಕಾಲಿಗೆ ಗಟ್ಟಿ ಬೂಟು. ಚಪ್ಪಲಿ ಬೇಡ. ಕಣ್ಣಿಗೆ ಗಟ್ಟಿ ಪ್ಲಾಸ್ಟಿಕ್ಕಿನ ರಕ್ಷಣೆ ಕನ್ನಡಕ. ಬಿಸಿಲಿಗೆ ಹಾಕುವ ಬಣ್ಣದ ಕನ್ನಡಕ ಕಲ್ಲನ್ನು ತಡೆಯುವುದಿಲ್ಲ. ಸದ್ದಿಗೆ ಕಿವಿ ಮುಚ್ಚಿಕೊಳ್ಳಿ.

ಮಿಷನ್‌ನ ಹೆಗಲ ಪಟ್ಟಿ ಎತ್ತರದ ಗಂಡಸರ ಅಳತೆಗೆ ಕಟ್ಟಿರುತ್ತದೆ. ಹಾಗೇ ಹಾಕಿಕೊಂಡರೆ ತಲೆ ನೆಲಕ್ಕೆ ತಾಗುತ್ತಿರುತ್ತದೆ, ಅದನ್ನು ಎತ್ತಿ ಹಿಡಿಯಲು ದಿನವಿಡೀ ನಿಮ್ಮ ಸೊಂಟ ದುಡಿಯುತ್ತದೆ. ಪಟ್ಟಿ ಗಿಡ್ಡ ಮಾಡಿ. ಕೈ ಬಿಟ್ಟರೂ ತಲೆ ನೆಲದಿಂದ ಸ್ವಲ್ಪ ಮೇಲೆ ತೂಗುತ್ತಿರಬೇಕು. ಭಾರ ಹೆಗಲಿಗೆ ಇರಲಿ, ಕೈಗೆ ಬೇಡ.

ಹೊಡೆಯುವ ಮೊದಲು ಜಾಗದಲ್ಲಿ ಒಂದು ಸುತ್ತು ನಡೆಯಿರಿ. ಕಲ್ಲು, ಬಾಟಲಿ ಚೂರು, ತಂತಿ, ಗೋಣಿ ದಾರ ಹೆಕ್ಕಿ. ನಿಮ್ಮಿಂದ 15 ಮೀಟರ್ ಒಳಗೆ ಯಾರೂ ಇರಬಾರದು. 15 ಮೀಟರ್ ಅಂದರೆ ದೊಡ್ಡ ಹೆಜ್ಜೆಯಲ್ಲಿ ಇಪ್ಪತ್ತು ಹೆಜ್ಜೆ. ಹುಲ್ಲು ಗುಡಿಸುವವರು ಬೆನ್ನ ಹಿಂದೆಯೇ ಬರುತ್ತಿದ್ದರೆ ನಿಲ್ಲಿಸಿ. ಅವರೂ ನಮ್ಮವರೇ, ಅವರಿಗೆ ಕನ್ನಡಕವೂ ಇರುವುದಿಲ್ಲ. ಪೇಟೆಯಲ್ಲಿ ಕಾರು ನಿಂತ ಜಾಗದಲ್ಲಿ ಕೆಲಸ ಬಂದರೆ ಕಾರು ತೆಗೆಸಿ ಅಂತ ಮೊದಲೇ ಹೇಳಿ. ಗಾಜು ಒಡೆದ ಮೇಲೆ ಆ ದುಡ್ಡನ್ನು ನಿಮ್ಮ ಕೂಲಿಯಲ್ಲಿ ಮುರಿಯಲು ನೋಡುತ್ತಾರೆ.

ನೆಟ್ಟ ಕೋಲಿನ ದೊಡ್ಡ ಮಿಷನ್‌ಗಳ ತಲೆ ಸಾಮಾನ್ಯವಾಗಿ ಬಲದಿಂದ ಎಡಕ್ಕೆ ತಿರುಗುತ್ತದೆ. ಅದಕ್ಕೇ ನೀವೂ ಬಲದಿಂದ ಎಡಕ್ಕೆ ಬೀಸಿ. ಬಿದ್ದ ಹುಲ್ಲು ಎಡಕ್ಕೆ ಸಾಲಾಗಿ ಸೇರುತ್ತದೆ, ಗುಡಿಸಲು ಸುಲಭ. ದಾರದ ತುದಿ ಮಾತ್ರ ಹುಲ್ಲಿಗೆ ತಾಗಲಿ. ಒಳಗೆ ನುಗ್ಗಿಸಿದರೆ ದಾರ ಬಗ್ಗುತ್ತದೆ, ಕಡಿಯುವುದಿಲ್ಲ. ಹುಲ್ಲು ಎತ್ತರ ಇದ್ದರೆ ಮೇಲಿನಿಂದ ಎರಡು ಮೂರು ಸಲಕ್ಕೆ ಇಳಿಸಿ. ಒಂದೇ ಸಲ ಬುಡಕ್ಕೆ ಹೋದರೆ ಉದ್ದ ಹುಲ್ಲು ತಲೆಗೆ ಸುತ್ತಿಕೊಳ್ಳುತ್ತದೆ. ಸುತ್ತಿದ ಹುಲ್ಲನ್ನು ಇಂಜಿನ್ ನಿಲ್ಲಿಸಿಯೇ ಬಿಡಿಸಿ.

ಬ್ಲೇಡ್ ಹಾಕಿದಾಗ ಇನ್ನೊಂದು ಎಚ್ಚರ ಬೇಕು. ಬ್ಲೇಡಿನ ಮುಂಭಾಗದ ಬಲ ಮೂಲೆ ಕಲ್ಲಿಗೋ ಬೊಡ್ಡೆಗೋ ತಾಗಿದರೆ ಮಿಷನ್ ಹಸು ಒದ್ದ ಹಾಗೆ ಬಲಕ್ಕೆ ಒದೆಯುತ್ತದೆ. ಹೆಗಲ ಪಟ್ಟಿ ಇಲ್ಲದೆ, ಎರಡು ಕೈ ಬಿಗಿ ಇಲ್ಲದೆ ಬ್ಲೇಡ್ ಓಡಿಸಬೇಡಿ. ಬಿರುಕು ಬಿಟ್ಟ ಬ್ಲೇಡನ್ನು ಬೆಸುಗೆ ಹಾಕಿಸಬೇಡಿ, ಗುಜರಿಗೆ ಹಾಕಿ.

ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ ಹೊಡೆಯುವಾಗ ದಾರ ಅದರ ಎಲೆ, ರಸವನ್ನು ಮೈಮೇಲೆ ಎರಚುತ್ತದೆ. ಅದು ಕೆಲವರಿಗೆ ತುರಿಕೆ ಎಬ್ಬಿಸುತ್ತದೆ, ಹೂವಿನ ಪುಡಿಗೆ ಉಬ್ಬಸ ಬರುತ್ತದೆ. ತೋಳು ತುಂಬಾ ಅಂಗಿ, ಮೂಗಿಗೆ ಬಟ್ಟೆ ಇರಲಿ. ಬಿಳಿ ಹೂವು ಬರುವ ಮೊದಲೇ ಹೊಡೆದರೆ ಬೀಜವೂ ಹರಡುವುದಿಲ್ಲ.

ಸಂಜೆ ಮಿಷನ್ ಇಟ್ಟ ಮೇಲೆ ನೆಲದಲ್ಲಿ ಬಿದ್ದ ದಾರದ ತುಂಡುಗಳನ್ನು ಕಣ್ಣಿಗೆ ಕಂಡಷ್ಟು ಹೆಕ್ಕಿ ಚೀಲಕ್ಕೆ ಹಾಕಿ. ತಲೆ ಬಿಚ್ಚಿ ಒಳಗಿನ ಮಣ್ಣು, ಹುಲ್ಲು ಒರೆಸಿ. ಗುಂಡಿ ಎಷ್ಟು ಸವೆದಿದೆ ನೋಡಿ. ಸವೆದು ತೂತಾಗುವವರೆಗೆ ಕಾಯಬೇಡಿ. ತೂತಾದರೆ ಬಾಬಿನ್ನೇ ನೆಲಕ್ಕೆ ಉಜ್ಜುತ್ತದೆ. ಸ್ಪ್ರಿಂಗ್ ಕೆಳಗೆ ಬಿದ್ದರೆ ಹುಲ್ಲಿನಲ್ಲಿ ಸಿಗುವುದಿಲ್ಲ, ಹಾಗಾಗಿ ಒಂದು ತಟ್ಟೆಯ ಮೇಲೆ ಬಿಚ್ಚಿ. ಹಳೆಯ ತಲೆ ಕೆಟ್ಟಿತು ಅಂತ ಎಸೆಯಬೇಡಿ. ಅದರ ಸ್ಪ್ರಿಂಗೋ ಮುಚ್ಚಳವೋ ಇನ್ನೊಂದಕ್ಕೆ ಬರುತ್ತದೆ. ಮುಂದಿನ ಸಲ ಅಂಗಡಿಗೆ ಹೋಗುವಾಗ ತೋರಿಸಲೂ ಅದೇ ಬೇಕು.